ಕೆಂಪು ಗೆರೆಯ ಮೇಲಿನ ಮುಳ್ಳು

ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು. ಬಾಗಿರಲಿಲ್ಲ, ತೂಕಡಿಸುತ್ತಿರಲಿಲ್ಲ; ಹೊಟ್ಟೆ ತುಂಬ ಉಂಡು ಚಾಪೆ ಹಾಸಿಕೊಂಡವರ ಹಾಗೆ ನಿಶ್ಚಿಂತೆಯಿಂದ ಮಲಗಿತ್ತು. ತಕ್ಕಡಿ ಕಾರಿನ ಕೀಲಿ ತಿರುಗಿಸಿದ. ದೀಪಗಳು ಹತ್ತಿಕೊಂಡವು, ರೇಡಿಯೋ ಕೆಮ್ಮಿತು, ಮುಳ್ಳು ಮಾತ್ರ ಏಳಲಿಲ್ಲ. ಪೆಟ್ರೋಲ್ ಖಾಲಿ.

ತಕ್ಕಡಿ ಎನ್ನುವುದು ಅವನ ಹೆಸರಲ್ಲ. ಅಳತೆ ಮತ್ತು ತೂಕದ ಕಚೇರಿಯಲ್ಲಿ ಕೆಲಸ. ಅಂಗಡಿಗಳ ತಕ್ಕಡಿ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು. ಆದರೆ ಸಹೋದ್ಯೋಗಿಗಳು ಆ ಹೆಸರಿಟ್ಟದ್ದು ಕೆಲಸ ನೋಡಿ ಅಲ್ಲ, ಸ್ವಭಾವ ನೋಡಿ. ಕಾಫಿಯೋ ಟೀಯೋ ಎಂದು ಕೇಳಿದರೆ ಅವನ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು. ತೂಗಿ ನಿಲ್ಲುವಷ್ಟರಲ್ಲಿ ಎರಡೂ ಆರಿಹೋಗುತ್ತಿದ್ದವು.

ಹೆಂಡತಿ ತವರಿಗೆ ಹೋಗಿದ್ದೂ ಇದಕ್ಕೇ. ನಡುಮನೆಯ ಗೋಡೆಗೆ ಯಾವ ಬಣ್ಣ ಬಳಿಸುವುದೆಂದು ತಿಳಿಯದೆ ತಕ್ಕಡಿ ನಾಲ್ಕು ಬಣ್ಣಗಳನ್ನು ನಾಲ್ಕು ಚೌಕಗಳಲ್ಲಿ ಬಳಿಸಿ, ನೋಡೋಣ ಎಂದಿದ್ದ. ಬೇಸಿಗೆ ಕಳೆದು ಚಳಿ ಬಂದರೂ ನೋಡುತ್ತಲೇ ಇದ್ದ. ಬಂದ ನೆಂಟರು ಅದನ್ನು ಯಾವುದೋ ದೇಶದ ಬಾವುಟವೆಂದುಕೊಂಡರು. ಒಂದು ದಿನ ಅವಳು ಚೀಲ ತುಂಬಿಕೊಂಡು, "ನಿಮಗೆ ಏನಾದ್ರೂ ಒಂದು ತೀರ್ಮಾನ ಮಾಡೋಕೆ ಬಂದ ದಿನ ಫೋನ್ ಮಾಡಿ" ಎಂದು ರೈಲು ಹತ್ತಿದಳು.

ಫೋನು ಮಾಡಲೋ ಬೇಡವೋ ಎಂದು ಅವನು ತೂಗುತ್ತಿರುವಾಗಲೇ ಇವತ್ತು ಬೆಳಿಗ್ಗೆ ಅವಳೇ ಮಾಡಿದ್ದಳು.

"ಸಂಜೆ ರೈಲಿಗೆ ಬರ್ತಿದೀನಿ. ಅದೇ ರೈಲು ಸ್ವಲ್ಪ ಹೊತ್ತು ನಿಂತು ವಾಪಸ್ ಹೊರಡುತ್ತೆ, ಗೊತ್ತಲ್ಲ. ನಾನು ಸ್ಟೇಷನ್ ಗೇಟಿಂದ ಆಚೆ ಕಾಲಿಟ್ಟಾಗ ಅಲ್ಲಿ ಕಾರು ಕಾಣ್ಬೇಕು, ಕಾರೊಳಗೆ ನೀವು ಕಾಣ್ಬೇಕು. ಕಾಣಲಿಲ್ವೋ, ಇಳಿದ ಸೀಟಲ್ಲೇ ಹೋಗಿ ಕೂತ್ಕೋತೀನಿ. ಸೀಟಿನ ಬಿಸಿಯೂ ಆರಿರಲ್ಲ."

"ಬರ್ತೀನಿ ಕಣೇ. ಖಂಡಿತ."

"ಖಂಡಿತ ಅನ್ನೋ ಪದ ನಿಮ್ಮ ಬಾಯಲ್ಲಿ ಕೇಳಿದ್ರೆ ನಗು ಬರುತ್ತೆ" ಎಂದು ಇಟ್ಟುಬಿಟ್ಟಳು. ಆ ನಗುವಿನಲ್ಲಿ ಸ್ವಲ್ಪ ಪ್ರೀತಿಯೂ ಇತ್ತು ಎಂದು ತಕ್ಕಡಿಗೆ ಅನ್ನಿಸಿತು. ಸ್ವಲ್ಪ ಎಂದರೆ ಎಷ್ಟು ಎಂದು ಅವನ ಕಚೇರಿಯ ಯಾವ ಉಪಕರಣದಲ್ಲೂ ಅಳೆಯಲಾಗುತ್ತಿರಲಿಲ್ಲ.

ಕಾರು ಚಿಕ್ಕದು. ಸೋದರಮಾವ ಹಳೆಯದಾಯಿತೆಂದು ಕೊಟ್ಟದ್ದು. ಓಡಿಸುತ್ತಿದ್ದವಳು ಹೆಂಡತಿ. ತಕ್ಕಡಿಗೆ ಲೈಸೆನ್ಸ್ ಇತ್ತು, ಆದರೆ ನಾಲ್ಕು ದಾರಿ ಕೂಡುವಲ್ಲಿ ಅವನು ನಿಂತರೆ ಹಿಂದಿನವರಿಗೆ ವಯಸ್ಸಾಗುತ್ತಿತ್ತು. ಹಾಗಾಗಿ ಪಕ್ಕದ ಸೀಟೇ ಅವನ ಜಾಗ. ಪೆಟ್ರೋಲ್ ಹಾಕಿಸುವ ಕೆಲಸವೂ ಅವಳದೇ. ಯಾವ ಪೆಟ್ರೋಲ್ ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ಪೆಟ್ರೋಲಿನಲ್ಲಿ ಯಾವುದು ಎಂಬ ಪ್ರಶ್ನೆ ಇದೆಯೆಂದೇ ಅವನಿಗೆ ತಿಳಿದಿರಲಿಲ್ಲ.

ಅದನ್ನು ತಿಳಿಸಿಕೊಟ್ಟವರು ಕೆಳಗಿನ ಮನೆಯ ಸ್ಟೇರಿಂಗ್ ತಾತ. ಜೀವಮಾನವೆಲ್ಲ ಬಸ್ ಓಡಿಸಿ ನಿವೃತ್ತರಾದವರು. ಈಗಲೂ ಕುರ್ಚಿಯಲ್ಲಿ ಕೂತರೆ ಅವರ ಎರಡೂ ಕೈ ಯಾವುದೋ ದೊಡ್ಡ ಚಕ್ರ ಹಿಡಿದಂತೆ ಮುಂದಕ್ಕಿರುತ್ತಿದ್ದವು. ಕಾರಿನ ಕಿಟಕಿಯಿಂದ ತಲೆ ತೂರಿಸಿ ಮುಳ್ಳು ನೋಡಿ, "ಅಯ್ಯೋ ಮಗನೇ, ಸ್ಟಾರ್ಟ್ ಮಾಡಬೇಡ" ಎಂದರು.

"ಯಾಕೆ ತಾತ?"

"ಟ್ಯಾಂಕಿನ ತಳದಲ್ಲಿ ಕಸ ಇರುತ್ತೆ. ಇಷ್ಟು ಖಾಲಿ ಆದ್ಮೇಲೆ ಸ್ಟಾರ್ಟ್ ಮಾಡಿದ್ರೆ ಎಂಜಿನ್ನು ಕಸಾನೇ ಕುಡಿಯೋದು. ಬಂಕ್ ಇಲ್ಲೇ ಅಲ್ವಾ. ತಳ್ಳು. ನಾನು ಸ್ಟೇರಿಂಗ್ ಹಿಡೀತೀನಿ." ಅವರು ಆಗಲೇ ಒಳಗೆ ಕೂತಾಗಿತ್ತು. "ಮತ್ತೆ, ಹಾಕ್ಸೋದು ಪ್ರೀಮಿಯಮ್ಮೇ ಹಾಕ್ಸು. ನಾರ್ಮಲ್ ಬೇಡ."

"ಎರಡು ಥರ ಇದೆಯಾ?"

ತಾತ ಮದುವೆ ವಯಸ್ಸಿನ ಹುಡುಗನಿಗೆ ಲೋಕಜ್ಞಾನ ಹೇಳುವಂತೆ ದನಿ ತಗ್ಗಿಸಿದರು. "ಇದೆ. ಎಂಜಿನ್ನು ಅಂದ್ರೆ ಹೊಟ್ಟೆ ಇದ್ದ ಹಾಗೆ. ಒಳ್ಳೇದು ಹಾಕಿದ್ರೆ ಒಳ್ಳೇ ಮಾತಾಡುತ್ತೆ."

"ನಿಮ್ಮ ಬಸ್ಸಿಗೆ ಹಾಕ್ತಿದ್ದಿದ್ದು ಡೀಸೆಲ್ ಅಲ್ವಾ ತಾತ?"

"ಅದಕ್ಕೇ ಹೇಳ್ತಿರೋದು. ದೂರದಲ್ಲಿ ನಿಂತು ನೋಡಿದೋನಿಗೇ ಸರಿಯಾಗಿ ಕಾಣೋದು. ತಳ್ಳು."

ತಕ್ಕಡಿ ತಳ್ಳಿದ. ಚಿಕ್ಕ ಕಾರು ಎಂಬುದು ಒಳಗೆ ಕೂತವರ ಅಭಿಪ್ರಾಯ. ಹಿಂದಿನಿಂದ ತಳ್ಳುವವನಿಗೆ ಚಿಕ್ಕ ಕಾರು ಎಂಬುದೊಂದು ಇಲ್ಲ. ಬೀದಿಯ ಕೊನೆ ತಲುಪುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಿಂಡಿ ಹರಡಿದಂತಾಗಿತ್ತು.

ಬಂಕು ಸಣ್ಣದು. ಒಂದು ಯಂತ್ರ, ಅದಕ್ಕೆ ಎರಡು ಪೈಪು. ಒಂದರ ಮೇಲೆ ತೊಂಬತ್ತೊಂದು, ಇನ್ನೊಂದರ ಮೇಲೆ ತೊಂಬತ್ತೈದು ಎಂದು ಬರೆದಿತ್ತು. ಟೋಪಿ ಹಾಕಿಕೊಂಡ ಬಂಕಿನಾಕೆ ಎರಡೂ ಕೈ ಸೊಂಟದ ಮೇಲಿಟ್ಟು ಕೇಳಿದಳು.

"ನಾರ್ಮಲ್ಲಾ, ಪ್ರೀಮಿಯಮ್ಮಾ?"

ತಕ್ಕಡಿಯ ತಲೆ ಎಡಕ್ಕೆ ವಾಲಿತು. ಬಲಕ್ಕೆ ವಾಲಿತು.

"ಎರಡಕ್ಕೂ ಏನು ವ್ಯತ್ಯಾಸ ಅಮ್ಮಾ?"

"ಒಂದು ನಾರ್ಮಲ್ಲು, ಒಂದು ಪ್ರೀಮಿಯಮ್ಮು."

"ನೀವಾಗಿದ್ರೆ ಯಾವುದು ಹಾಕಿಸ್ತಿದ್ರಿ?"

"ನಾನು ಸೈಕಲ್ಲಲ್ಲಿ ಬರೋದು ಸಾರ್."

ಕಾರಿನ ಪೆಟ್ರೋಲ್ ಮುಚ್ಚಳದ ಒಳಗಡೆ ಯಾವುದು ಹಾಕಬೇಕೆಂದು ಅಂಟಿಸಿರುತ್ತಾರೆ ಎಂದು ಹಿಂದಿನ ಸ್ಕೂಟರಿನವರು ಸಲಹೆ ಕೊಟ್ಟರು. ತೆಗೆದು ನೋಡಿದರೆ ಅಂಟಿಸಿದ್ದು ನಿಜ. ಬಿಸಿಲಿಗೆ, ಒರೆಸಿದ ಬಟ್ಟೆಗೆ ಎಲ್ಲ ಅಳಿಸಿಹೋಗಿ, ಕೊನೆಯಲ್ಲಿ 'ಮಾತ್ರ' ಎಂಬ ಒಂದು ಪದ ಉಳಿದಿತ್ತು. ಏನೋ ಒಂದನ್ನು ಮಾತ್ರ ಹಾಕಬೇಕು ಎಂಬುದು ಅಲ್ಲಿಗೆ ಖಚಿತವಾಯಿತು. ತಕ್ಕಡಿ ಅಳಿಸಿದ ಜಾಗವನ್ನು ಉಗುರಿನಿಂದ ಕೆರೆದು ನೋಡಿದ.

ಹೆಂಡತಿಗೇ ಫೋನು ಮಾಡಿ ಕೇಳಿದ್ದರೆ ಆಗುತ್ತಿತ್ತು. ಆದರೆ ತೀರ್ಮಾನ ಮಾಡಲು ಬಾರದವನೆಂದು ಬಿಟ್ಟುಹೋದವಳಿಗೆ ಫೋನು ಮಾಡಿ, ಪೆಟ್ರೋಲ್ ಯಾವುದು ಹಾಕಿಸಲಿ ಎಂದು ಕೇಳುವುದೂ ಒಂದೇ, ಬರಬೇಡ ಎಂದು ಹೇಳುವುದೂ ಒಂದೇ.

ಸಾಲು ಬೆಳೆಯಿತು. ಬೆಳೆದ ಸಾಲಿಗೆ ಬಾಯಿಯೂ ಬಂತು.

"ಕಾರು ಚಿಕ್ಕದಲ್ವಾ, ಚಿಕ್ಕ ನಂಬರೇ ಹಾಕಿ ಸಾರ್" ಎಂದರು ಸ್ಕೂಟರಿನವರು.

"ನಾರ್ಮಲ್ ಹಾಕಿ ನನ್ನ ಭಾವನ ಕಾರು ಕೆಮ್ಮೋಕೆ ಶುರು ಮಾಡ್ತು" ಎಂದ ಅದರ ಹಿಂದಿನವನು.

"ನಿಮ್ಮ ಭಾವನೂ ಕೆಮ್ತಿದ್ರಾ?" ಎಂದು ಕೇಳಿದ ತಕ್ಕಡಿ.

"ಅವರದ್ದು ಸಿಗರೇಟಿಂದ ಬಂದಿದ್ದು."

"ಜಗಳ ಯಾಕೆ, ಅರ್ಧ ಅದು ಅರ್ಧ ಇದು ಹಾಕ್ಬಿಡಮ್ಮ" ಎಂದಳು ತರಕಾರಿ ವ್ಯಾನಿನ ಹೆಂಗಸು.

ತಕ್ಕಡಿಯ ಮುಖ ಅರಳಿತು. ಅರ್ಧರ್ಧ ಎಂಬುದು ಅವನ ಜೀವನದ ಊರುಗೋಲು. ಆದರೆ ಸ್ಟೇರಿಂಗ್ ತಾತ ಕಿಟಕಿಯಿಂದ ತಲೆ ಹೊರಹಾಕಿ, "ಮಿಕ್ಸ್ ಮಾಡಿದ್ರೆ ಎಂಜಿನ್ನಿಗೆ ತಲೆ ಕೆಡುತ್ತೆ. ಅರ್ಧ ದಾರಿ ಓಡುತ್ತೆ, ಅರ್ಧ ದಾರಿ ನಿಲ್ಲುತ್ತೆ" ಎಂದರು. ಅರಳಿದ ಮುಖ ಬಾಡಿತು. ಸಾಲಿನವರೆಲ್ಲ ಸೇರಿ, ಸಿಟ್ಟಿಲ್ಲದೆ, ಮದುಮಗನ ಪಲ್ಲಕ್ಕಿ ಸರಿಸುವಷ್ಟು ಮರ್ಯಾದೆಯಿಂದ ಕಾರನ್ನು ಪಕ್ಕಕ್ಕೆ ತಳ್ಳಿಟ್ಟು, ತಮ್ಮ ತಮ್ಮ ಪೆಟ್ರೋಲ್ ಹಾಕಿಸಿಕೊಂಡು ಹೋದರು.

ಆಗ ತಕ್ಕಡಿಗೆ ಲೀಟರಣ್ಣನ ನೆನಪಾಯಿತು. ಕಚೇರಿಯಲ್ಲಿ ಅವನ ಪಕ್ಕದ ಮೇಜು. ಊರಿನ ಪೆಟ್ರೋಲ್ ಬಂಕುಗಳ ಅಳತೆ ಪರೀಕ್ಷೆ ಮಾಡುವವನು ಅವನೇ. ಪೆಟ್ರೋಲಿನ ವಾಸನೆ ಅವನ ಊಟದ ಡಬ್ಬಿಗೂ ಹತ್ತಿತ್ತು. ಅವನಿಗಿಂತ ಬಲ್ಲವರು ಯಾರು? ಕಚೇರಿಯೂ ಬಂಕಿನ ಎದುರುಗಡೆಯೇ. ತಕ್ಕಡಿ ಮತ್ತೆ ತಳ್ಳಿದ. ತಾತ ರಸ್ತೆ ದಾಟುವಾಗ ಬಾಯಲ್ಲೇ ಹಾರನ್ ಹೊಡೆದರು.

"ನನ್ನ ಕೇಳ್ತೀಯಾ?" ಎಂದ ಲೀಟರಣ್ಣ, ಕಚೇರಿಯ ಜಗಲಿಯಲ್ಲಿ ನಿಂತು ಹೊಟ್ಟೆ ಸವರಿಕೊಳ್ಳುತ್ತ. "ಪೈಪಿಂದ ಎಷ್ಟು ಬರುತ್ತೆ ಅಂತ ಕೇಳು, ಹನಿ ಹನಿ ಲೆಕ್ಕ ಹೇಳ್ತೀನಿ. ಏನು ಬರುತ್ತೆ ಅನ್ನೋದು ನನಗೆ ಸಂಬಂಧಪಟ್ಟಿದ್ದಲ್ಲ ಕಣಯ್ಯ. ಹಾಲು ಬಂದ್ರೂ ನಾನು ಒಂದು ಲೀಟರ್ ಅಂತಲೇ ಬರೆಯೋದು."

"ಸುಮ್ನೆ ಅಂದಾಜಿಗೆ ಹೇಳೋ."

"ಅಂದಾಜಾ? ಈ ಕಚೇರಿಯಲ್ಲಿ?" ಲೀಟರಣ್ಣನಿಗೆ ನಿಜವಾಗಿಯೂ ನೋವಾಯಿತು.

ಆ ಕಚೇರಿಯ ಪದ್ಧತಿಯೇ ಹಾಗೆ. ಯಾವುದನ್ನೂ ಒಬ್ಬರೇ ಸರಿ ಎನ್ನುವಂತಿಲ್ಲ. ಒಬ್ಬರು ಅಳೆಯಬೇಕು, ಇನ್ನೊಬ್ಬರು ಅದನ್ನೇ ಮತ್ತೆ ಅಳೆಯಬೇಕು, ಮೂರನೆಯವರು ಮುದ್ರೆ ಒತ್ತಲು ಅಪ್ಪಣೆ ಕೊಡಬೇಕು. ಅಷ್ಟು ವರ್ಷ ಎರಡನೆಯವನಾಗಿ ದುಡಿದ ತಕ್ಕಡಿಗೆ, ಮೊದಲು ಒಬ್ಬರು ಹೇಳದೆ ಸೂರ್ಯ ಮೂಡಿದನೆಂದೂ ನಂಬಿಕೆ ಬರುತ್ತಿರಲಿಲ್ಲ.

ಗಲಾಟೆ ಕೇಳಿ ಸೀಲು ಸಾಹೇಬರು ಹೊರಬಂದರು. ಮೂರನೆಯವರು, ಅಪ್ಪಣೆ ಕೊಡುವವರು. ವಿಷಯ ಪೂರ್ತಿ ಕೇಳಿ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.

"ತೊಂಬತ್ತೈದು ಅಂತ ಬರೆದಿದೆ ಅಂದ್ರಲ್ಲ. ತೊಂಬತ್ತೈದು ಏನು?"

"ಅಂದ್ರೆ ಸಾರ್?"

"ಗ್ರಾಮೋ, ಇಂಚೋ, ಡಿಗ್ರಿಯೋ? ಮಾನ ಇಲ್ಲದ ಸಂಖ್ಯೆ ಬರೆದು ನಿಲ್ಲಿಸಿದಾರಲ್ಲ ನಮ್ಮ ಕಚೇರಿ ಎದುರಿಗೇ. ಎರಡರ ಸ್ಯಾಂಪಲ್ಲೂ ತನ್ನಿ."

ಲೀಟರಣ್ಣ ಸರ್ಕಾರಿ ಅಳತೆಯ ಡಬ್ಬಗಳನ್ನು ಹಿಡಿದು ರಸ್ತೆ ದಾಟಿದ. ಎರಡು ಪೈಪುಗಳಿಂದಲೂ ಒಂದೊಂದು ಲೀಟರ್ ಬಂತು. ಜಗಲಿಯ ಮೇಲೆ ಡಬ್ಬಗಳನ್ನಿಟ್ಟು ಎಲ್ಲರೂ ಸುತ್ತ ಕೂತರು. ಮೂಸಿದರು. ತೂಗಿದರು. ಬಣ್ಣ ನೋಡಿದರು. ಪ್ರೀಮಿಯಂ ಸ್ವಲ್ಪ ಗಂಭೀರವಾಗಿ ಕಾಣುತ್ತದೆ ಎಂದು ಟೈಪಿಸ್ಟಮ್ಮ ಅಭಿಪ್ರಾಯಪಟ್ಟರು. ಮಧ್ಯಾಹ್ನದ ಊಟದ ಗಂಟೆ ಬಂತು, ಹೋಯಿತು. ತಕ್ಕಡಿ ಗಡಿಯಾರ ನೋಡಿದ, ರಸ್ತೆ ನೋಡಿದ, ಡಬ್ಬ ನೋಡಿದ.

"ಸಾರ್, ಸಂಜೆ ನನ್ನ ಹೆಂಡ್ತಿ ಬರ್ತಾಳೆ. ಯಾವುದು ಒಳ್ಳೇದು ಅಂತ..."

"ಅದಕ್ಕಿಂತ ದೊಡ್ಡ ವಿಷಯ ಸಿಕ್ಕಿದೆ ರೀ" ಎಂದರು ಸೀಲು ಸಾಹೇಬರು. ಅವರ ಕಣ್ಣುಗಳಲ್ಲಿ ಬೇಟೆಯ ಹೊಳಪಿತ್ತು. "ಇಲ್ಲಿ ನೋಡಿ, ಈ ಡಬ್ಬದಲ್ಲಿ ಪೆಟ್ರೋಲು ಗೆರೆಗಿಂತ ಕೂದಲೆಳೆ ಕೆಳಗಿದೆ."

ಲೀಟರಣ್ಣ ಬಗ್ಗಿ ನೋಡಿದ. ಕೂದಲೆಳೆ ಹೌದು ಎಂದ. ಎರಡನೆಯವನಾದ ತಕ್ಕಡಿಯೂ ಅಭ್ಯಾಸಬಲದಿಂದ ಬಗ್ಗಿ ನೋಡಿ ಹೌದು ಎಂದ. ಎರಡು ಹೌದು ಸೇರಿದರೆ ಆ ಕಚೇರಿಯಲ್ಲಿ ಮೂರನೆಯದು ತಾನಾಗಿ ಬರುತ್ತಿತ್ತು.

"ಯಂತ್ರ ಬಂದ್ ಮಾಡಿ ಮುದ್ರೆ ಒತ್ತಿ" ಎಂದು ಅಪ್ಪಣೆಯಾಯಿತು.

ಇಕ್ಕಳ, ತಂತಿ, ಸೀಸದ ಬಿಲ್ಲೆ ಹಿಡಿದು ಮೂವರೂ ರಸ್ತೆ ದಾಟಿದರು. ಹಿಂದೆ ಸ್ಟೇರಿಂಗ್ ತಾತ, ಅವರ ಹಿಂದೆ ಟೈಪಿಸ್ಟಮ್ಮ. ಮುದ್ರೆ ಒತ್ತುವುದು ಎರಡನೆಯವನ ಕೆಲಸ. ತಕ್ಕಡಿ ಮಂಡಿಯೂರಿ ಯಂತ್ರಕ್ಕೆ ತಂತಿ ಸುತ್ತತೊಡಗಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಮನಸ್ಸು ಸ್ಟೇಷನ್ನಿನ ಗೇಟಿನಲ್ಲಿ ನಿಂತಿತ್ತು. ಗೇಟಿನಿಂದ ಅವಳು ಹೊರಬರುತ್ತಾಳೆ. ಎಡಕ್ಕೆ ನೋಡುತ್ತಾಳೆ, ಬಲಕ್ಕೆ ನೋಡುತ್ತಾಳೆ. ಕಾರಿಲ್ಲ. ಅವಳ ಮುಖದಲ್ಲಿ ಸಿಟ್ಟು ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆದರೆ ಅವಳು, ಇಷ್ಟೇ ಅಂತ ಗೊತ್ತಿತ್ತು ಎಂಬಂತೆ ಸಣ್ಣಗೆ ತಲೆಯಾಡಿಸಿ ಹಿಂದಿರುಗುತ್ತಾಳೆ.

ಅದನ್ನು ನೋಡಲಾರದೆ ತಕ್ಕಡಿಯ ಒಳಗೆ ಏನೋ ಒಂದು ಗಟ್ಟಿಯಾಗಿ, ಒಂದೇ ಕಡೆಗೆ ವಾಲಿತು. ವಾಲಿ ನಿಂತಿತು. ಹುಟ್ಟಿದಾಗಿನಿಂದ ಅವನಿಗೆ ಹೀಗಾಗಿರಲಿಲ್ಲ.

"ನಾರ್ಮಲ್" ಎಂದ ಅವನು, ಮಂಡಿಯೂರಿದಲ್ಲಿಂದಲೇ. "ನಾರ್ಮಲ್ಲೇ ಹಾಕಮ್ಮಾ. ಫುಲ್ ಮಾಡು." ಹೇಳಿದ ಆವೇಶಕ್ಕೆ ಕೈಯ ಇಕ್ಕಳ ಬಿಗಿಯಿತು. ಸೀಸದ ಬಿಲ್ಲೆ ಟಕ್ ಎಂದು ಕಚ್ಚಿಕೊಂಡಿತು.

ಬಂಕಿನಾಕೆ ಮುದ್ರೆ ನೋಡಿದಳು, ಅವನನ್ನು ನೋಡಿದಳು. "ಬೆಳಿಗ್ಗೆಯಿಂದ ಇದೊಂದು ಮಾತಿಗೆ ಕಾಯ್ತಿದ್ದೆ ಸಾರ್. ಈಗ ಈ ಮುದ್ರೆ ಒಡೆದ್ರೆ ನನ್ನ ಜೈಲಿಗೆ ಹಾಕೋರು ಯಾರು?"

"ನಾವೇ" ಎಂದ ಲೀಟರಣ್ಣ ಹೆಮ್ಮೆಯಿಂದ.

ಸ್ಯಾಂಪಲ್ಲಿನ ಎರಡು ಲೀಟರನ್ನಾದರೂ ಕೊಡಿ ಎಂದು ತಕ್ಕಡಿ ಅಂಗಲಾಚಿದ. ಅದು ಪೆಟ್ರೋಲಲ್ಲ, ಸಾಕ್ಷಿ ಎಂದು ಸೀಲು ಸಾಹೇಬರು ಕಪಾಟಿಗೆ ಬೀಗ ಹಾಕಿಸಿದರು. ಇನ್ನೊಂದು ಬಂಕು ಇದ್ದದ್ದು ಸ್ಟೇಷನ್ನು ದಾಟಿ ಸೇತುವೆಯಾಚೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ರೈಲು ಬಂದು ಹೋಗಿರುತ್ತದೆ.

"ಟ್ಯಾಂಕಲ್ಲಿ ಇರೋದ್ರಲ್ಲೇ ಹೋಗ್ತೀನಿ" ಎಂದ ತಕ್ಕಡಿ. ಒಂದೇ ದಿನದಲ್ಲಿ ಎರಡನೇ ತೀರ್ಮಾನ. ಟೈಪಿಸ್ಟಮ್ಮನ ಕಣ್ಣು ಒದ್ದೆಯಾಯಿತು.

"ಹಾಗಾದ್ರೆ ಭಾರ ಇಳಿಸು" ಎಂದರು ತಾತ. ಸ್ಟೆಪ್ನಿ ಇಳಿಯಿತು. ಜಾಕು ಇಳಿಯಿತು. ಕಾಲ್ಕೆಳಗಿನ ಮ್ಯಾಟುಗಳು, ಹಿಂದಿನ ಗಾಜಿನ ಬಳಿ ಕೂತಿದ್ದ ತಲೆಯಾಡಿಸುವ ಗೊಂಬೆ, ಕೊನೆಗೆ ತಾತನೂ ಇಳಿದರು. "ಹಾರನ್ ಹೊಡೀಬೇಡ. ಬ್ರೇಕ್ ಹಾಕಬೇಡ. ಆದಷ್ಟು ಉಸಿರು ಬಿಗಿ ಹಿಡ್ಕೊ" ಎಂದು ಹರಸಿದರು.

ಕಾರು ಹೊರಟಿತು. ಇಳಿಜಾರು ಬಂದಾಗೆಲ್ಲ ತಕ್ಕಡಿ ಎಂಜಿನ್ ಆರಿಸಿ, ತೇಲಿಬಿಟ್ಟ. ಸಿಗ್ನಲ್ಲಿನಲ್ಲಿ ಆರಿಸಿದ. ಫ್ಯಾನು ಹಾಕಲಿಲ್ಲ, ಬೆವರು ಗಲ್ಲದಿಂದ ಸ್ಟೇರಿಂಗಿಗೆ ತೊಟ್ಟಿಕ್ಕಿತು. ಕೈ ಬೀಸಿದ ಪರಿಚಯದವರಿಗೆ, ತಾನೂ ಕೈ ಬೀಸಿದರೆ ಎಲ್ಲಿ ಪೆಟ್ರೋಲ್ ಖರ್ಚಾಗುವುದೋ ಎಂದು ಹುಬ್ಬು ಮಾತ್ರ ಏರಿಸಿದ. ನಾಲ್ಕು ದಾರಿ ಕೂಡುವಲ್ಲಿ, ಎಂದೂ ಇಲ್ಲದೆ, ನಿಲ್ಲದೆ ನೇರ ಹೋದ. ಉದ್ದಕ್ಕೂ ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿಯೇ ಇತ್ತು, ಕಾರು ಓಡುತ್ತಲೇ ಇತ್ತು. ನನ್ನ ಮನಸ್ಸಿನ ಬಲದಿಂದಲೇ ಓಡುತ್ತಿದೆ ಎಂದುಕೊಂಡು ಅವನು ಬೆನ್ನು ನೆಟ್ಟಗೆ ಮಾಡಿ ಕೂತ.

ಸ್ಟೇಷನ್ನಿನ ಗೇಟಿನ ಮುಂದೆ ಕಾರು ನಿಂತ ಹೊತ್ತಿಗೆ ಸರಿಯಾಗಿ ಅವಳು ಆಚೆ ಕಾಲಿಟ್ಟಳು. ಕಾರು ಕಂಡಿತು. ಕಾರಿನೊಳಗೆ ಅವನು ಕಂಡ. ಅವಳ ಹಿಂದೆ ಚೀಲ ಹೊತ್ತ ಕೂಲಿಯಾತನೂ ಯಾಕೋ ನಿಂತುಬಿಟ್ಟ.

"ಬಂದ್ರಾ" ಎಂದಳು, ನಂಬದೆ.

"ಬಂದೆ."

ಚೀಲ ಹಿಂದಿನ ಸೀಟಿಗೆ ಹೋಯಿತು. ಅವಳು ಪಕ್ಕದಲ್ಲಿ ಕೂತು ಅವನನ್ನು ನೋಡಿದಳು. "ಇದೇನ್ರೀ ಇದು, ಕೆರೆಗೆ ಬಿದ್ದು ಎದ್ದು ಬಂದ ಹಾಗಿದೀರಿ."

"ನೋಡಿಲ್ಲಿ" ಎಂದು ತಕ್ಕಡಿ ಮುಳ್ಳಿನ ಕಡೆ ಬೆರಳು ತೋರಿಸಿದ. "ಪೆಟ್ರೋಲಿಲ್ಲ. ಒಂದು ಹನಿ ಇಲ್ಲ. ಬಂಕಿಗೆ ನಮ್ಮ ಕಚೇರಿಯವರೇ ಮುದ್ರೆ ಒತ್ತಿಸಿಬಿಟ್ರು. ಆದ್ರೂ ಬಂದೆ. ನಿನಗೋಸ್ಕರ."

ಅವಳು ಮುಳ್ಳು ನೋಡಿದಳು. ಅವನ ಮುಖ ನೋಡಿದಳು. ಮೊದಲು ಭುಜ ಅಲುಗಿತು, ಆಮೇಲೆ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು.

"ಆ ಮುಳ್ಳು ಕೆಟ್ಟು ಎಷ್ಟೋ ತಿಂಗಳಾಯ್ತಲ್ರೀ. ಅದು ಏಳೋದೇ ಇಲ್ಲ. ಊರಿಗೆ ಹೋಗೋ ಹಿಂದಿನ ದಿನ ನಾನೇ ಕತ್ತಿನ ತನಕ ತುಂಬಿಸಿಟ್ಟು ಹೋಗಿದ್ದೆ. ಕರೆಯೋಕೆ ಬರ್ಬೇಕಾದ ದಿನ ನಿಮಗೆ ಯಾವ ನೆಪವೂ ಸಿಗಬಾರದು ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಊರಿನ ತಕ್ಕಡಿಗೆಲ್ಲ ಸುಳ್ಳು ಹೇಳ್ತೀಯಾ ಅಂತ ಮುದ್ರೆ ಒತ್ತೋರು ನೀವು. ಕಚೇರಿಯವರೂ ಇದ್ರು ಅಂತೀರಿ. ಒಬ್ಬರಿಗೂ ಈ ಮುಳ್ಳಿನ ಮೇಲೆ ಅನುಮಾನ ಬರಲಿಲ್ವಾ?"

ಬಂದಿರಲಿಲ್ಲ. ಅಳತೆ ತೋರಿಸುವ ಮುಳ್ಳನ್ನು ನಂಬುವುದು ಆ ಕಚೇರಿಯ ಅನ್ನ.

"ಇರಲಿ ಬಿಡಿ" ಎಂದು ಅವಳು ಅವನ ಒದ್ದೆ ಕೈಯ ಮೇಲೆ ತನ್ನ ಕೈಯಿಟ್ಟಳು. "ಬಂದ್ರಲ್ಲ. ಸಾಕು. ನಡೀರಿ ಮನೆಗೆ."

ಇಲ್ಲಿ ತಕ್ಕಡಿ ಮಾಡಬೇಕಾಗಿದ್ದದ್ದು ಒಂದೇ: ಕೀಲಿ ತಿರುಗಿಸುವುದು. ಕೈ ಕೀಲಿಯ ಮೇಲೇ ಇತ್ತು. ಕೈ ತಿರುಗಿಸುವ ಮೊದಲೇ ನಾಲಿಗೆ ತಿರುಗಿತು.

"ಯಾವುದು ಹಾಕಿಸಿದ್ದೆ? ನಾರ್ಮಲ್ಲಾ, ಪ್ರೀಮಿಯಮ್ಮಾ?"

ಅವಳ ಕೈ ನಿಧಾನವಾಗಿ ಹಿಂದೆ ಹೋಯಿತು.

"ನಡುಮನೆ ಗೋಡೆ ಮೇಲೆ ಈಗ ಎಷ್ಟು ಬಣ್ಣ ಇದೆ ರೀ?"

ಸುಳ್ಳು ಹೇಳಬಹುದಿತ್ತು. ಹೇಳಲೋ ಬೇಡವೋ ಎಂದು ತೂಗುವಷ್ಟರಲ್ಲಿ ನಿಜ ಹೊರಬಿತ್ತು.

"ಐದು."

ಅವಳು ಸಣ್ಣಗೆ ತಲೆಯಾಡಿಸಿದಳು, ಬಂಕಿನಲ್ಲಿ ಮಂಡಿಯೂರಿದಾಗ ಅವನು ಕಂಡಿದ್ದನಲ್ಲ, ಹಾಗೇ, ಅದೇ ತಲೆಯಾಡಿಸುವಿಕೆ. ಇಳಿದು, ಹಿಂದಿನ ಸೀಟಿನಿಂದ ಚೀಲ ತೆಗೆದುಕೊಂಡು ಗೇಟಿನೊಳಗೆ ನಡೆದಳು. ವಾಪಸ್ ಹೋಗುವ ರೈಲು ಇನ್ನೂ ನಿಂತಿತ್ತು. ಸೀಟಿನ ಬಿಸಿ ಬಹುಶಃ ಆರಿರಲಿಲ್ಲ.

ತಕ್ಕಡಿ ಬಾಗಿಲು ತೆರೆದು ಹಾರಿದ. ಗೇಟು ದಾಟಿದ. ಅವಳ ಸೀರೆಯ ಅಂಚು ಇನ್ನೂ ಕಾಣುತ್ತಿತ್ತು. ಓಡಿದರೆ ಸಿಗುತ್ತಿದ್ದಳು, ಖಂಡಿತ ಸಿಗುತ್ತಿದ್ದಳು. ಆದರೆ ಗೇಟಿನ ಪಕ್ಕದಲ್ಲಿ, ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದ ಆ ಕೂಲಿಯಾತ ಕನಿಕರದಿಂದ ಹೇಳಿದ.

"ನನ್ನ ಕೇಳಿದ್ರೆ ಸಾರ್, ಚಿಕ್ಕ ಕಾರಿಗೆ ಪ್ರೀಮಿಯಂ ದಂಡ."

ಗಾರ್ಡು ಸೀಟಿ ಊದಿದ. ತಕ್ಕಡಿ ಒಂದು ಕಾಲು ಮುಂದಿಟ್ಟವನು ಹಾಗೇ ನಿಂತ. ತಲೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು.

"ಯಾಕೆ ಹಾಗಂತೀರಿ?" ಎಂದು ಕೇಳಿದ.